ಶುಭಂ ಕಾಣದ ಮನೆತನ

ಟಾಕೀಸಿನ ಬಾಗಿಲಲ್ಲಿ ಟಿಕೆಟು ಹರಿಯುವವನನ್ನು ನಾನು ಕೇಳುವ ಮೊದಲ ಪ್ರಶ್ನೆ, "ಎಷ್ಟೊತ್ತಿಗೆ ಬಿಡ್ತೈತ್ರಿ?" ಎಂಬುದು. ಚಿತ್ರ ಹೇಗಿದೆ, ಹಾಡು ಎಷ್ಟಿವೆ, ನೋಡಿದವರು ಏನನ್ನುತ್ತಾರೆ, ಇವೆಲ್ಲ ನನಗೆ ಆಮೇಲಿನ ವಿಚಾರ. ಮೊನ್ನೆ ಹೀಗೇ ಕೇಳಿದಾಗ ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಇನ್ನೂ ಒಳಗೇ ಹೋಗಿಲ್ಲ, ಆಗ್ಲೇ ಬಿಡೋ ಮಾತು ಯಾಕ ಯಜಮಾನ್ರೆ?" ಎಂದ. ಹಿಂದೆ ನಿಂತಿದ್ದ ನನ್ನ ಹೆಂಡತಿ, "ಅವರಿಗೆ ಸಿನೆಮಾ ಬ್ಯಾಡಪ್ಪ, ಬಾಗಿಲ ಪಕ್ಕದ ಕುರ್ಚಿ ಬೇಕು. ಒಂದು ಕೊಟ್ಟುಬಿಡು, ಸುಮ್ಮನೆ ಕೂತಿರ್ತಾರೆ" ಎಂದಳು. ಸರದಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಉತ್ತರ ಪಡೆಯದೆ ಒಳಗೆ ಹೋಗಲಿಲ್ಲ.

ನನ್ನ ಕಷ್ಟ ಅವಳಿಗೆ ತಿಳಿಯುವುದಿಲ್ಲ. ಕುರ್ಚಿಯಲ್ಲಿ ಕೂತೊಡನೆ ಮೊದಲು ಮೇಲೆ ನೋಡುತ್ತೇನೆ, ಫ್ಯಾನು ಸರಿಯಾಗಿ ನನ್ನ ನೆತ್ತಿಗೇ ತೂಗುತ್ತಿರುತ್ತದೆ. ಅದರ ಮೊಳೆ ಎಷ್ಟು ಗಟ್ಟಿಯೋ ಎಂದು ಯೋಚಿಸುತ್ತಿರುವಾಗಲೇ ಮನೆಯ ಬೀಗ ನೆನಪಾಗುತ್ತದೆ. ಬೀಗ ಹಾಕಿದ್ದು ನೆನಪಾದರೆ ಎಳೆದು ನೋಡಿದ್ದು ನೆನಪಾಗುವುದಿಲ್ಲ. ಇವೆಲ್ಲ ಒಂದು ಹದಕ್ಕೆ ಬರುವಷ್ಟರಲ್ಲಿ ನಾಯಕ ನಾಯಕಿಗೆ ಜಗಳವಾಗಿ ರಾಜಿಯೂ ಆಗಿರುತ್ತದೆ. ಈಗಿನ ಚಿತ್ರಗಳು ನನ್ನಂಥವರಿಗೆ ಹೇಳಿ ಮಾಡಿಸಿದವಲ್ಲ. ಒಬ್ಬ ಗೃಹಸ್ಥ ನೆಮ್ಮದಿಯಾಗಿ ಚಿಂತೆ ಮಾಡಿ ಮುಗಿಸುವುದಕ್ಕೂ ಪುರಸೊತ್ತು ಕೊಡದೆ ಮುಗಿದುಹೋಗುತ್ತವೆ.

ನಾನು ಹುಡುಗನಾಗಿದ್ದಾಗ ಹಾಗಿರಲಿಲ್ಲ. ಆಗ ಚಿತ್ರದ ಯೋಗ್ಯತೆಯನ್ನು ಉದ್ದದಿಂದ ಅಳೆಯುತ್ತಿದ್ದರು. ನಮ್ಮ ದಾವಣಗೆರೆಯ ಬೀದಿಗಳಲ್ಲಿ ಜಟಕಾದ ಮೇಲೆ ತಮಟೆ ಬಾರಿಸಿಕೊಂಡು ಕರಪತ್ರ ತೂರುತ್ತ ಬರುವವನು ನಟರ ಹೆಸರು ಹೇಳುವುದಕ್ಕೆ ಮೊದಲು, "ಹದಿನೆಂಟು ರೀಲ್! ಹದಿನೆಂಟು ರೀಲ್!" ಎಂದು ಕೂಗುತ್ತಿದ್ದ. ಹದಿನೆಂಟು ಎಂದರೆ ಹೆಂಗಸರು ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಹದಿಮೂರು ಎಂದರೆ ಹಾಲಿನವನು ಬಂದಷ್ಟೂ ಬೆಲೆಯಿಲ್ಲ.

ನಮ್ಮ ಮನೆಯಲ್ಲಿ ಈ ವಿಷಯದ ಅಧಿಕಾರವೆಲ್ಲ ಗೌರತ್ತೆಯದು. ಗೌರತ್ತೆ ಎಂದರೆ ನಮ್ಮ ಅಪ್ಪಾಜಿಯ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಚೌಕಿಪೇಟೆಯ ಮನೆಗೆ ಬಂದು, ಬಂದ ದಿನವೇ ಯಜಮಾನಿಕೆ ವಹಿಸಿಕೊಂಡವಳು. ಒಮ್ಮೆ ಯಾವುದೋ ಚಿತ್ರ ಸಂಜೆಯ ದೀಪ ಹಚ್ಚುವ ಮುಂಚೆಯೇ ಬಿಟ್ಟಿತೆಂದು ಅವಳು ಟಾಕೀಸಿನ ಮ್ಯಾನೇಜರನ್ನು ಹುಡುಕಿಕೊಂಡು ಹೋಗಿ, "ಪಂಕ್ತಿಗೆ ಕೂಡಿಸಿ ಅನ್ನ ಬಡಿಸದೆ ಎಬ್ಬಿಸ್ತೀರೇನ್ರಿ? ಉಳಿದದ್ದು ಎಲ್ಲೈತೆ? ತಗೊಂಬರ್ರಿ" ಎಂದು ಜಬರಿಸಿದ್ದಳು. ಅವನು ಕೈಮುಗಿದು, ಕಂಪನಿಯವರು ಕಳಿಸಿದ್ದೇ ಇಷ್ಟು ತಾಯಿ ಎಂದು ಹೇಳಿದ ಮೇಲೂ ಅವಳ ಅನುಮಾನ ಹೋಗಲಿಲ್ಲ. ಒಂದೆರಡು ರೀಲು ಅವನು ಮನೆಗೆ ಒಯ್ದಿದ್ದಾನೆಂದೇ ಕೊನೆಯವರೆಗೆ ನಂಬಿದ್ದಳು.

ಅಂಥ ಚಿತ್ರಗಳಿಗೆ ಹೋಗುವುದೆಂದರೆ ಒಂದು ಸಣ್ಣ ವಲಸೆ. ಖಾರ ಹಚ್ಚಿದ ಮಂಡಕ್ಕಿಯ ಗಂಟು, ತಂಬಿಗೆ ತುಂಬ ನೀರು, ಬೆಂಚಿನ ಮೇಲೆ ಹಾಸಲು ಮಡಚಿದ ಕಂಬಳಿ, ಜೊತೆಗೆ ಅಕ್ಕಪಕ್ಕದ ಮನೆಯವರು ನಂಬಿಕೆಯಿಟ್ಟು ಕಳಿಸಿದ ಒಂದಿಬ್ಬರು ಮಕ್ಕಳು. ಅವ್ವ ಮಾತ್ರ ಬರುತ್ತಿರಲಿಲ್ಲ. ಬೆಳಕು ಕುಣಿದರೆ ಅವಳಿಗೆ ತಲೆನೋವು.

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ಹೋಗುತ್ತಿದ್ದ ನಾವು ಒಂದೇ ಒಂದು ಚಿತ್ರವನ್ನೂ ಪೂರ್ತಿ ನೋಡಿರಲಿಲ್ಲ. ಅದಕ್ಕೆ ಕಾರಣ ಅಪ್ಪಾಜಿ. ಅವರಿಗೆ ಜವಳಿ ಅಂಗಡಿಯಿತ್ತು, ಗೌರವವಿತ್ತು, ತಲೆಗೆ ರುಮಾಲಿತ್ತು, ಆದರೆ ಗದ್ದಲದ ಭಯವೂ ಇತ್ತು. ಆಟ ಬಿಡುವ ಹೊತ್ತಿಗೆ ಬಾಗಿಲಲ್ಲಿ ಜನ ನುಗ್ಗುತ್ತಾರೆ, ಆ ನುಗ್ಗಾಟದಲ್ಲಿ ಹೆಣ್ಣುಮಕ್ಕಳು, ಚಪ್ಪಲಿ, ರುಮಾಲು ಇವುಗಳಲ್ಲಿ ಯಾವುದಾದರೂ ಒಂದು ಕಳೆದೇ ಕಳೆಯುತ್ತದೆ ಎಂಬುದು ಅವರ ಲೆಕ್ಕ. ಹಾಗಾಗಿ ಕಥೆ ಬಿಗಿಯಾಗುತ್ತಿದ್ದಂತೆ ಗಂಡಸರ ಕಡೆಯಿಂದ ಒಂದು ಕೆಮ್ಮು ಕೇಳಿಸುತ್ತಿತ್ತು. ಅದು ನಮಗೆ ಸೂಚನೆ. ನಾಯಕಿಯನ್ನು ಕಂಬಕ್ಕೆ ಕಟ್ಟಿರಲಿ, ನಾಯಕ ಹೊಳೆಯಲ್ಲಿ ಮುಳುಗುತ್ತಿರಲಿ, ನಾವು ಅವರನ್ನು ಹಾಗೆಯೇ ಬಿಟ್ಟು ಕಂಬಳಿ ಮಡಚಿಕೊಂಡು ಹೊರಡಬೇಕು. ನಮ್ಮ ಮನೆಯೋ ಟಾಕೀಸಿನಿಂದ ಮೂರು ಬೀದಿ ಆಚೆ.

ನನ್ನ ಅಕ್ಕ ಶಾಂತಕ್ಕ ಪ್ರತಿ ಸಲವೂ ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡುತ್ತಿದ್ದಳು. "ಅಪ್ಪಾಜಿ, ಇನ್ನೊಂದು ಚೂರು. ಅವಳು ಬದುಕ್ತಾಳೋ ಇಲ್ಲೋ ಅಷ್ಟು ನೋಡ್ಕಂಡು ಬರ್ತೀನಿ."

"ಬದುಕ್ತಾಳೆ ಬಿಡವ್ವ. ಸಿನೆಮಾದಾಗೆ ಎಲ್ಲಾ ಕೊನಿಗೆ ಒಳ್ಳೇದೇ ಆಗ್ತೈತೆ. ಅದನ್ನ ನೋಡಾಕ ಕೂಡಬೇಕೇನು? ನಡಿ, ಗದ್ದಲಾಗ್ತೈತೆ."

ಹೊಸ ಚಿತ್ರ ಬಂದಾಗಲೂ ಇದೇ ಗದ್ದಲದ ಭಯದಿಂದ, "ನೂರು ದಿನ ಓಡ್ತೈತಂತೆ, ಜನ ಕಮ್ಮಿ ಆಗ್ಲಿ" ಎಂದು ಮುಂದಕ್ಕೆ ಹಾಕುತ್ತಿದ್ದರು. ಊರೆಲ್ಲ ನೋಡಿ, ಮಾತಾಡಿ, ಮರೆತ ಮೇಲೆ ನಾವು ಹೋಗುತ್ತಿದ್ದೆವು. ಆಗ ಟಾಕೀಸಿನಲ್ಲಿ ನಾವು, ಒಂದೆರಡು ನಾಯಿ, ಬೀಡಿ ಸೇದುತ್ತ ಕೂತ ನಾಲ್ಕು ಮಂದಿ ಹಮಾಲರು. ಆ ನಾಲ್ವರು ಬಾಗಿಲಲ್ಲಿ ಮಾಡಬಹುದಾದ ನುಗ್ಗಾಟಕ್ಕೆ ಹೆದರಿ ಆಗಲೂ ಮುಂಚೆಯೇ ಎದ್ದು ಬರುತ್ತಿದ್ದೆವು.

ಮನೆಗೆ ಬಂದ ಮೇಲೆ ಅಕ್ಕನಿಗೆ ಊಟ ಸೇರುತ್ತಿರಲಿಲ್ಲ. ಮರುದಿನ ಪಕ್ಕದ ಮನೆಯವರನ್ನು ಕೇಳಿದರೆ ಅವರು, "ಆಮೇಲೇನು, ಎಲ್ಲಾ ಕೂಡಿದ್ರು" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಹೇಗೆ ಕೂಡಿದರು, ಮೊದಲು ಯಾರು ಅತ್ತರು, ಆ ದುಷ್ಟ ಸೋದರಮಾವ ಏನೆಂದ, ಇವು ಯಾರಿಗೂ ನೆನಪಿರುವುದಿಲ್ಲ. ಮುಗಿಯುವುದನ್ನು ಕಣ್ಣಾರೆ ನೋಡಿದವರಿಗೆ ಅದರ ಬೆಲೆ ಗೊತ್ತಿರುವುದಿಲ್ಲ. ತೆರೆಯ ಮೇಲೆ 'ಶುಭಂ' ಎಂಬ ಅಕ್ಷರ ಮೂಡುವುದನ್ನು ಅಕ್ಕ ಹತ್ತೊಂಬತ್ತು ವರ್ಷ ತುಂಬಿದರೂ ನೋಡಿರಲಿಲ್ಲ.

ಆಗ ಅವಳಿಗೆ ಗಂಡು ನೋಡತೊಡಗಿದ್ದರು. ಮೊದಲು ಬಂದವನು ಊರಿನಲ್ಲೇ ಇದ್ದ ದಲಾಲಿ ಮಂಡಿಯವರ ಮಗ, ಮಾತಿನಲ್ಲಿ ಚುರುಕು. ಹೆಣ್ಣು ನೋಡಲು ಬಂದವನು ಅಪ್ಪಾಜಿಯ ಜೊತೆ ಹರಟುತ್ತ, "ಸಿನೆಮಾ ಕೊನೀತನಕ ಯಾರು ಕೂಡ್ತಾರ್ರಿ ಮಾವಾರೆ? ನಾನಂತೂ ಕಾಲು ಗಂಟೆ ಮುಂಚೇನೆ ಎದ್ದುಬಿಡ್ತೀನಿ" ಎಂದ. ಅಪ್ಪಾಜಿಗೆ ಸ್ವಂತ ಮಗನೇ ಸಿಕ್ಕಿದಷ್ಟು ಹಿಗ್ಗು. ಒಳಗೆ ಕೂತಿದ್ದ ಅಕ್ಕ ಆ ಕ್ಷಣದಲ್ಲೇ ಅವನನ್ನು ಬೇಡವೆಂದಳು. ಕಾರಣ ಕೇಳಿದರೆ ಬಾಯಿ ಬಿಡಲಿಲ್ಲ. ಮನೆಯವರು ಅವನ ದೊಡ್ಡ ಕಿವಿಗಳೇ ಕಾರಣವೆಂದು ಊಹಿಸಿ ಸಮಾಧಾನ ಮಾಡಿಕೊಂಡರು.

ನನಗೆ ಮಾತ್ರ ಹೇಳಿದಳು. "ತಮ್ಮಾ, ಗಂಡು ಕರಿಯ ಇರ್ಲಿ, ಕುಳ್ಳ ಇರ್ಲಿ. ಕೊನೀತನಕ ಕೂಡೋನು ಬೇಕು. ಇಲ್ಲಂದ್ರೆ ನನ್ನ ಜನ್ಮ ಎಲ್ಲಾ ಹಿಂಗ ಅರ್ಧರ್ಧ ನೋಡಾದ್ರಾಗೇ ಹೋಗ್ತೈತೆ." ನಗುತ್ತಲೇ ಹೇಳಿದಳು, ಆದರೆ ಕಣ್ಣು ನಗುತ್ತಿರಲಿಲ್ಲ.

ಎರಡನೆಯ ಸಂಬಂಧ ಹರಿಹರ ತಾಲೂಕಿನ ನಂದಿಗುಡಿಯಿಂದ ಬಂತು. ಗದ್ದೆಯ ಕುಳ, ಹುಡುಗನ ಹೆಸರು ಸಿದ್ದೇಶಪ್ಪ, ಮನೆಯಲ್ಲಿ ತಾಯಿ ಒಬ್ಬಳೇ. ಒಂದು ಸಲ ಮನೆಗೆ ಬಂದು ನೋಡಿ ಹೋದ ಸಂಬಂಧ ಮುರಿದರೆ ಬೀದಿಯವರು ಮಾತಾಡುತ್ತಾರೆಂದು ಆಗ ನಮ್ಮ ಕಡೆ ಅನೇಕರು ಟಾಕೀಸಿನಲ್ಲಿ ಹೆಣ್ಣು ತೋರಿಸುತ್ತಿದ್ದರು. ಎರಡೂ ಕಡೆಯವರು ಅಕಸ್ಮಾತ್ತಾಗಿ ಒಂದೇ ಆಟಕ್ಕೆ ಬಂದಂತೆ ಬರುವುದು, ನೋಡಿದಂತಿಲ್ಲದೆ ನೋಡುವುದು, ಒಪ್ಪಿಗೆಯಾದರೆ ಆಮೇಲೆ ಮನೆಗೆ ಬರುವುದು. ಅಪ್ಪಾಜಿ ನಮ್ಮೂರ ಟಾಕೀಸೇ ಆಗಲಿ ಎಂದರು. ಗೌರತ್ತೆ ಒಪ್ಪಲಿಲ್ಲ.

"ಇಲ್ಲಿ ಸಿನೆಮಾ ಬಿಡೋ ಮಿಶನ್ ಎರಡು ಅದಾವೆ, ದೀಪ ಹಚ್ಚಾದು ಒಂದೇ ಸಲ. ಹರಿಹರದಾಗೆ ಒಂದೇ ಮಿಶನ್ನು. ರೀಲು ಬದಲಿಸ್ದಾಗೆಲ್ಲ ದೀಪ ಹಚ್ತಾರೆ. ನಮ್ಮ ಶಾಂತಿ ಒಂದು ಸಲಕ್ಕೆ ಕಣ್ಣಿಗೆ ಹತ್ತೋ ಹುಡುಗಿ ಅಲ್ಲ. ನಾಕೈದು ಸಲ ನೋಡಿದ್ರೆ ಬಿಡಾಕಾಗಲ್ಲ" ಎಂದಳು. ಅಕ್ಕ ಇದನ್ನು ಕೇಳಿ ಮುಖ ಊದಿಸಿದಳಾದರೂ ಅತ್ತೆಯ ಯೋಜನೆಯಲ್ಲಿ ತರ್ಕವಿತ್ತು.

ಹಾಗೆ ಒಂದು ಭಾನುವಾರ ಮಧ್ಯಾಹ್ನ ನಾವು ನಾಲ್ವರು ರೈಲಿನಲ್ಲಿ ಹರಿಹರಕ್ಕೆ ಹೋದೆವು. ಅದು ಹಳೆಯ ಹತ್ತಿಯ ಗೋದಾಮಿಗೆ ತಗಡು ಹೊದಿಸಿ ಮಾಡಿದ ಟಾಕೀಸು. ನಡುವೆ ಕೂತವರ ಎದೆಯೆತ್ತರದ ಹಲಗೆಯ ಅಡ್ಡಗೋಡೆ, ಆಚೆ ಹೆಂಗಸರು, ಈಚೆ ಗಂಡಸರು. ಆಚೆಯ ಬೆಂಚಿನ ತುದಿಗೆ, ಹಲಗೆಯ ಪಕ್ಕದಲ್ಲೇ ಅಕ್ಕ, ಅವಳ ಪಕ್ಕ ಗೌರತ್ತೆ, ಅವಳಾಚೆ ಹುಡುಗನ ತಾಯಿ. ಈಚೆಯ ಬೆಂಚಿನ ತುದಿಗೆ ಸಿದ್ದೇಶಪ್ಪ, ಅವನ ಪಕ್ಕ ನಾನು, ನನ್ನ ಪಕ್ಕ ಅಪ್ಪಾಜಿ. ಬರುವಾಗಲೇ ಅಕ್ಕ ನನ್ನ ಕೈ ಚಿವುಟಿ, "ಏಳೋನೋ ಕೂಡೋನೋ ಕೇಳಿಬಿಡು" ಎಂದಿದ್ದಳು. ನಾನಾಗ ಕಾಲೇಜಿಗೆ ಸೇರಿದ ಹೊಸತು. ಇಡೀ ಸಂಬಂಧ ನನ್ನ ಒಂದು ಪ್ರಶ್ನೆಯ ಮೇಲೆ ನಿಂತಿತ್ತು.

"ಸಿನೆಮಾ ಪೂರಾ ನೋಡ್ತೀರೇನ್ರಿ?" ಎಂದು ಕೇಳಿದೆ.

ಅವನು ಗಾಬರಿಯಾದ. "ಯಾಕ್ರಿ, ಇಲ್ಲಿ ನಡುವೆ ಎಬ್ಬಿಸಿ ಕಳಿಸ್ತಾರೇನ್ರಿ?"

"ಹಂಗಲ್ರಿ, ನೀವು ಸಾಮಾನ್ಯ ಕೊನೀತನಕ..."

ದೀಪ ಆರಿತು. ಉತ್ತರ ಕತ್ತಲೆಯಲ್ಲಿ ಉಳಿಯಿತು. ಹೆಸರುಗಳು ಬಂದವು, ದೇವರ ಸ್ತುತಿಯಾಯಿತು, ನಾಯಕ ಇನ್ನೂ ತೊಟ್ಟಿಲಲ್ಲಿದ್ದ. ಅಷ್ಟರಲ್ಲಿ ನನ್ನ ಎಡಭುಜದ ಮೇಲೆ ಏನೋ ಭಾರ ಬಿತ್ತು. ತಿರುಗಿ ನೋಡಿದರೆ ಸಿದ್ದೇಶಪ್ಪನ ತಲೆ. ಎಣ್ಣೆ ಹಚ್ಚಿ ಬಾಚಿದ್ದ ತಲೆ. ಬಾಯಿ ಸ್ವಲ್ಪ ತೆರೆದಿತ್ತು.

ಈಗ ಯೋಚಿಸಿ. ಎಬ್ಬಿಸಿದರೆ ಬೀಗರಾಗುವವರಿಗೆ ಅವಮಾನ. ಬಿಟ್ಟರೆ, ದೀಪ ಹತ್ತಿದೊಡನೆ ಅಕ್ಕ ನೋಡಬೇಕಾದ ಗಂಡು ಹೀಗೆ ಕಾಣಬೇಕು. ತೆರೆಯ ಮೇಲಿನ ಪರದಾಟಕ್ಕಿಂತ ನನ್ನದೇ ದೊಡ್ಡದಾಯಿತು. ಮೊದಲ ರೀಲು ಮುಗಿಯುತ್ತಿದೆ ಎನ್ನಿಸಿದಾಗ ಮೊಣಕೈಯಿಂದ ತಿವಿದೆ. ಅವನು ದಡಬಡಿಸಿ ಎದ್ದು ಕೂತು, "ನೀರು ಬಂತೇನ್ಲೇ?" ಎಂದ. ಅದೇ ಹೊತ್ತಿಗೆ ದೀಪ ಹತ್ತಿತು. ಸುತ್ತಲಿದ್ದವರು ಸೋಡಾದವನ ಕಡೆ, ಕಡಲೆಕಾಯಿಯವನ ಕಡೆ ನೋಡುತ್ತಿದ್ದರೆ ನಾವು ಆರು ಜನ ಮಾತ್ರ ಖಾಲಿ ತೆರೆಯನ್ನು ಭಕ್ತಿಯಿಂದ ನೋಡುತ್ತ ಕೂತೆವು. ಹಲಗೆಯ ಮೇಲಿನಿಂದ ಗೌರತ್ತೆಯ ಮುಖ ಮೂಡಿತು.

"ಹುಡುಗ ಹೆಂಗದಾನೋ?" ಎಂದು ಪಿಸುಗುಟ್ಟಿದಳು.

"ಸಿನೆಮಾದಾಗೆ ಮುಳುಗಿಹೋಗ್ಯಾನೆ ಅತ್ತೆ."

ದೀಪ ಆರುವ ಮೊದಲು ಸಿದ್ದೇಶಪ್ಪ ನನ್ನ ಕಿವಿಯ ಬಳಿ ಬಾಗಿ, "ನಿನ್ನೆ ನಮ್ಮ ನಾಲೆ ನೀರಿನ ಸರದಿ ಇತ್ರಿ. ಬೆಳತನಕ ಬದುವಿನ ಮ್ಯಾಲೇ ಇದ್ದೆ. ತಪ್ಪು ತಿಳೀಬ್ಯಾಡ್ರಿ" ಎಂದ. "ಛೆ ಛೆ" ಎಂದೆ. ಆ ಎರಡು ಅಕ್ಷರದ ಭರವಸೆ ಸಾಕಾಯಿತೋ ಏನೋ, ಕತ್ತಲಾದೊಡನೆ ತಲೆ ಮತ್ತೆ ಬಂತು. ಈ ಸಲ ನೆಮ್ಮದಿಯಿಂದ.

ಎರಡನೆಯ ಸಲ ತಿವಿದಾಗ ಅವನು ನನ್ನ ಕೈಯನ್ನು ಹಿಡಿದು ಪಕ್ಕಕ್ಕಿಟ್ಟ. ಮೂರನೆಯ ಸಲ ತಿವಿಯಲು ನನಗೇ ಕೈ ಇರಲಿಲ್ಲ, ಭುಜದಿಂದ ಬೆರಳಿನವರೆಗೆ ಜೋಮು ಹಿಡಿದಿತ್ತು. ದೀಪ ಹತ್ತಿತು. ಅಕ್ಕ ಈಗ ಖಾಲಿ ತೆರೆಯನ್ನು ನೋಡುತ್ತಿರಲಿಲ್ಲ. ಹಲಗೆಯ ಮೇಲಿನಿಂದ ನೇರವಾಗಿ ನಮ್ಮಿಬ್ಬರನ್ನೇ ನೋಡುತ್ತಿದ್ದಳು, ಹುಬ್ಬು ಮೇಲೇರಿತ್ತು. ಅವಳಾಚೆ ಹುಡುಗನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಯ್ಯೋ ಶಿವನೇ, ಈ ಕತ್ತೇನ ಏನು ಮಾಡ್ಲಿ" ಎನ್ನುತ್ತಿದ್ದಳು. ಮುಗಿಯಿತು ಎಂದುಕೊಂಡೆ. ಕೊನೆಯವರೆಗೆ ಕೂಡುವವನು ಬೇಕೆಂದವಳಿಗೆ, ಆರಂಭವನ್ನೂ ನೋಡದವನನ್ನು ಕರೆತಂದಿದ್ದೆವು.

ಕಥೆ ಬಿಗಿಯಾಯಿತು. ಮಗನನ್ನು ಹುಡುಕಿಕೊಂಡು ಕುರುಡಿ ತಾಯಿ ಬೆಟ್ಟ ಹತ್ತುತ್ತಿದ್ದಳು. ನಿರೀಕ್ಷಿಸಿದ ಜಾಗದಲ್ಲೇ ಅಪ್ಪಾಜಿ ಕೆಮ್ಮಿದರು. ಎದ್ದು ನಿಂತು ರುಮಾಲು ಸರಿಮಾಡಿಕೊಂಡರು.

"ಏಳೋ. ಗದ್ದಲಾಗ್ತೈತೆ, ಗಾಡಿ ಬ್ಯಾರೆ ತಪ್ತೈತೆ."

"ಹೆಂಗೆ ಏಳ್ಲಿ ಅಪ್ಪಾಜಿ? ಬೀಗರು ಹೆಗಲ ಮ್ಯಾಲೆ ಮಕ್ಕಂಡಾರೆ."

ಅಪ್ಪಾಜಿ ಬಗ್ಗಿ ನೋಡಿದರು. ಇನ್ನೊಮ್ಮೆ ಬಗ್ಗಿ ನೋಡಿದರು. ಜೀವಮಾನವಿಡೀ ಮುಂಚೆಯೇ ಎದ್ದ ಮನುಷ್ಯನಿಗೆ ಇಂಥ ತೊಡಕು ಎದುರಾಗಿರಲಿಲ್ಲ. ಗಂಡಿನ ಕಡೆಯವನನ್ನು ಅಲುಗಾಡಿಸಿ ಎಬ್ಬಿಸುವುದು ಮರ್ಯಾದೆಯಲ್ಲ, ಮಲಗಿದವನನ್ನು ಬಿಟ್ಟು ಹೋಗುವುದಂತೂ ಆಗದ ಮಾತು. ಅವರು ಬಾಗಿಲು ನೋಡಿದರು, ನನ್ನ ಭುಜ ನೋಡಿದರು, ಮತ್ತೆ ಬಾಗಿಲು ನೋಡಿದರು.

ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: "ಯಜಮಾನ್ರೆ, ಕೂಡ್ರಿ! ನಿಮ್ಮ ರುಮಾಲು ಬ್ಯಾಡ, ಸಿನೆಮಾ ತೋರಸ್ರಿ!"

"ಇಲ್ಲಾ ರುಮಾಲಿನ ಮ್ಯಾಲೇ ಸಿನೆಮಾ ಬಿಡ್ಸಿ!" ಎಂದ ಇನ್ನೊಬ್ಬ.

ಅಪ್ಪಾಜಿ ಕೂತರು. ಕೂತರು ಎನ್ನುವುದಕ್ಕಿಂತ ಕುಸಿದರು ಎನ್ನಬೇಕು. ಹಲಗೆಯಾಚೆ ಅಕ್ಕ ಆಗಲೇ ಅಭ್ಯಾಸಬಲದಿಂದ ಅರ್ಧ ಎದ್ದಿದ್ದಳು, ಕಂಬಳಿಯ ತುದಿ ಕೈಯಲ್ಲಿತ್ತು. ಅಪ್ಪಾಜಿ ಕೂತದ್ದನ್ನು ಕಂಡು ನಂಬಲಾರದೆ ಒಂದು ಗಳಿಗೆ ಹಾಗೆಯೇ ನಿಂತಳು. ಆಮೇಲೆ ಸದ್ದಿಲ್ಲದೆ ಕೂತು, ಎರಡೂ ಕೈಗಳಿಂದ ಹಲಗೆಯನ್ನು ಹಿಡಿದುಕೊಂಡಳು.

ತಾಯಿ ಬೆಟ್ಟದ ತುದಿ ತಲುಪಿದಳು. ಮಗ ಎದುರಿಗೆ ಬಂದ. ಅವಳು ಅವನ ಮುಖವನ್ನು ಕೈಯಿಂದ ಸವರಿ ಗುರುತಿಸಿ, ನಕ್ಕು, ಅವನ ತೊಡೆಯ ಮೇಲೆ ಪ್ರಾಣ ಬಿಟ್ಟಳು.

"ಏನೋ ಇದು!" ಅಪ್ಪಾಜಿ ಅಡ್ಡ ಕೈ ಚಾಚಿ ನನ್ನ ಜೋಮು ಹಿಡಿದ ಕೈಯನ್ನೇ ಹಿಚುಕಿದರು. "ಸತ್ತೇಹೋದಳಲ್ಲೋ! ಕೊನಿಗೆ ಸಾಯಿಸ್ತಾರೇನೋ?"

ಅಷ್ಟು ವರ್ಷ ಅರ್ಧಕ್ಕೆ ಬಿಟ್ಟುಬಂದವರೆಲ್ಲ ಏನಾದರೋ ಎಂಬ ಸಂಶಯ ಅವರಿಗೆ ಆಗ ಮೊದಲ ಸಲ ಹುಟ್ಟಿರಬೇಕು. ರುಮಾಲಿನ ಸೆರಗಿನಿಂದ ಮೂಗೊರೆಸಿಕೊಂಡರು. ತೆರೆಯ ಮೇಲೆ ಹೊಗೆಯ ನಡುವಿನಿಂದ 'ಶುಭಂ' ಬಂತು, ದೊಡ್ಡದಾಯಿತು, ನಿಂತಿತು. ತಾಯಿ ಸತ್ತ ಮೇಲೆ ಇದೆಂಥ ಶುಭವೋ ನನಗೆ ತಿಳಿಯಲಿಲ್ಲ. ಅಕ್ಕ ಮಾತ್ರ ಎಲ್ಲರೂ ಎದ್ದ ಮೇಲೂ ಹಲಗೆ ಬಿಡದೆ ಬರಿಯ ಬಿಳಿ ತೆರೆಯನ್ನು ನೋಡುತ್ತ ಅಳುತ್ತಿದ್ದಳು.

ಆ ಅಳು ದೊಡ್ಡವರನ್ನು ಕಂಗೆಡಿಸಿತು. ನುಗ್ಗಾಟದಲ್ಲಿ ಏನೂ ಕಳೆಯದೆ ಹೊರಗೆ ಬಂದು ಬೇವಿನ ಮರದಡಿ ನಿಂತೆವು. ಗಾಡಿ ತಪ್ಪಿಯಾಗಿತ್ತು, ಇನ್ನು ಬಸ್ಸೇ ಗತಿ. ಸಿದ್ದೇಶಪ್ಪ ಕೆನ್ನೆಯ ಮೇಲೆ ನನ್ನ ಅಂಗಿಯ ಹೊಲಿಗೆಯ ಗೆರೆ ಮೂಡಿಸಿಕೊಂಡು ನೆಲ ನೋಡುತ್ತಿದ್ದ. ಅವನ ತಾಯಿ, "ಹೆಣ್ಣು ನೋಡಾಕ ಕರ್ಕಂಬಂದ್ರೆ ಗೊರಕೆ ಹೊಡೀತೀಯೇನೋ? ಆ ಹೆಣ್ಮಗಾ ನಿನ್ನ ನೋಡಿ ಹೆಂಗೆ ಅಳಾಕ ಹತ್ತೈತೆ ನೋಡು" ಎಂದು ಅವನ ತೋಳಿಗೆ ಗುದ್ದಿದಳು. ಗೌರತ್ತೆ ನನ್ನನ್ನು ಸುಡುವಂತೆ ನೋಡಿ, "ಮುಳುಗಿಹೋಗ್ಯಾನೆ ಅಂದೆಲ್ಲೋ ಸುಳ್ಳಾ" ಎಂದಳು. ಅಪ್ಪಾಜಿ ಇನ್ನೂ ಆ ಕುರುಡಿ ತಾಯಿಯ ದುಃಖದಲ್ಲೇ ಇದ್ದರು. ಆದರೂ ಅಕ್ಕನ ಬಳಿಗೆ ಹೋಗಿ ಮೆಲ್ಲಗೆ, "ಅಳಬ್ಯಾಡವ್ವ. ನಿನಗೆ ಬ್ಯಾಡಾದ್ರೆ ಬ್ಯಾಡ. ಬಲವಂತ ಇಲ್ಲ" ಎಂದರು.

ಅಕ್ಕ ಕಣ್ಣೊರೆಸಿಕೊಂಡು ನನ್ನನ್ನು ಪಕ್ಕಕ್ಕೆ ಕರೆದಳು. "ಅವರನ್ನ ಕೇಳ್ಕಂಡು ಬಾರೋ, ಸಿನೆಮಾಕ್ಕೆ ಬಂದಾಗೆಲ್ಲ ಹಿಂಗೇ ನಿದ್ದೆ ಮಾಡ್ತಾರೇನು ಅಂತ."

ಇಂಥ ಪ್ರಶ್ನೆಯನ್ನು ಒಯ್ಯುವುದು ಹೇಗೆಂದು ನನಗೆ ಚಿಂತೆ ಹತ್ತಿತು. ಆದರೂ ಹೋಗಿ ಕೇಳಿದೆ. ಸಿದ್ದೇಶಪ್ಪ ತಲೆ ಕೆರೆದುಕೊಂಡ. ಹೇಳಲು ಅವನಿಗೆ ಒಂದು ಸುಳ್ಳೂ ತೋಚಲಿಲ್ಲವೆಂದು ಕಾಣುತ್ತದೆ.

"ಹೌದ್ರಿ. ಕತ್ತಲ ಮಾಡಿ ಕೂಡಿಸಿದ್ರೆ ನನಗೆ ತಡಿಯಾಕಾಗಲ್ರಿ."

"ಎಷ್ಟೊತ್ತು ಮಾಡ್ತೀರಿ?"

"ದೀಪ ಹಚ್ಚಿ, ಜನ ಎಲ್ಲ ಹೋಗಿ, ಕಸ ಹೊಡಿಯಾಕ ಬರೋತನಕ. ಅವರೇ ಎಬ್ಬಿಸ್ತಾರ್ರಿ."

ಮರದಡಿಗೆ ಬಂದು ಒಂದಕ್ಷರ ಬಿಡದೆ ಅಕ್ಕನಿಗೆ ಒಪ್ಪಿಸಿದೆ. ಅವಳು ಅವನ ಕಡೆ ಒಮ್ಮೆ ನೋಡಿದಳು. ಅತ್ತು ಕೆಂಪಾದ ಮುಖದಲ್ಲಿ ನಗು ನಿಧಾನವಾಗಿ ಏರಿತು.

"ಹಂಗಾರೆ ಅಪ್ಪಾಜಿಗೆ ಹೋಗಿ ಹೂಂ ಅನ್ನು" ಎಂದಳು.